ವಿಂಡೋಸ್ ಅಳಿಸದೆ ಲಿನಕ್ಸ್ ಮಿಂಟ್ ಹಾಕಿಕೊಳ್ಳುವುದು ಹೇಗೆ? ಹೆಜ್ಜೆ ತಪ್ಪದ ಕ್ರಮ

ಲಿನಕ್ಸ್ ಮಿಂಟ್ ಎಂಬುದು ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ, ಉಚಿತವಾಗಿ ಸಿಗುವ ವ್ಯವಸ್ಥೆ. ಲಿನಕ್ಸ್ ಹಾಕಲು ಹೋಗಿ ಕೈಸುಟ್ಟುಕೊಂಡವರಲ್ಲಿ ಬಹಳ ಮಂದಿ ಎಡವುವುದು ಇನ್‌ಸ್ಟಾಲರ್‌ನಲ್ಲಿ ಅಲ್ಲ. ಅದಕ್ಕೂ ಮೊದಲು ವಿಂಡೋಸ್ ಒಳಗೆ ಮುಗಿಸಬೇಕಿದ್ದ ಮೂರು ನಾಲ್ಕು ಕೆಲಸಗಳನ್ನು ಬಿಟ್ಟು ಮುಂದೆ ಹೋಗಿರುತ್ತಾರೆ. ಇನ್‌ಸ್ಟಾಲರ್ ತನ್ನ ಪಾಲಿನದನ್ನು ಸುಮಾರು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ತಯಾರಿಗೆ ಒಂದು ಇಡೀ ಸಂಜೆ ಬೇಕು. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಇಲ್ಲಿ ಹೇಳಿರುವುದು ವಿಂಡೋಸ್ 10 ಅಥವಾ 11 ಇರುವ ಲ್ಯಾಪ್‌ಟಾಪಿಗೆ, ಲಿನಕ್ಸ್ ಮಿಂಟ್ 22 ಸರಣಿಯ ಸಿನಮನ್ ಎಂಬ ಮುಖ್ಯ ಆವೃತ್ತಿಗೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 11ಕ್ಕೆ ಏರಲಾರದ ಯಂತ್ರ ಇದ್ದವರಿಗೂ ಇದೇ ದಾರಿ. ಪರದೆಯ ಮೇಲಿನ ಇಂಗ್ಲಿಷ್ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

- 8 ಜಿಬಿ ಪೆನ್‌ಡ್ರೈವ್ ಒಂದು. ಅದರಲ್ಲಿರುವುದೆಲ್ಲ ಅಳಿಯುತ್ತದೆ.
- ಬ್ಯಾಕಪ್‌ಗೆ ಬೇರೆಯದೇ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್.
- ಲ್ಯಾಪ್‌ಟಾಪಿನ ಚಾರ್ಜರ್. ಬ್ಯಾಟರಿ ನಂಬಿ ಈ ಕೆಲಸಕ್ಕೆ ಕೂರಬೇಡಿ.
- ಆಂಡ್ರಾಯ್ಡ್ ಫೋನ್ ಮತ್ತು ಡೇಟಾ ಹೋಗುವ ಯುಎಸ್‌ಬಿ ಕೇಬಲ್. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜ್ ಮಾತ್ರ ಆಗುತ್ತದೆ, ಅವು ಬೇಡ.
- ಕಾಗದ, ಪೆನ್ನು.

ರ್‍ಯಾಮ್ 8 ಜಿಬಿ ಇದ್ದರೆ ಆರಾಮ, 4 ಜಿಬಿಯಲ್ಲಿ ನಡೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಸಿನಮನ್ ಬದಲು ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ತೆಗೆದುಕೊಳ್ಳಿ. ಡಿಸ್ಕ್‌ನಲ್ಲಿ ಕನಿಷ್ಠ 20 ಜಿಬಿ ಸಾಕು ಎಂದು ಮಿಂಟ್ ಹೇಳುತ್ತದೆ. ಆದರೆ ಸ್ನ್ಯಾಪ್‌ಶಾಟ್ (ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಲು ಇಡುವ ನಕಲು), ಅಪ್‌ಡೇಟ್ ಎಲ್ಲ ಸೇರಿ ಅದು ಬೇಗ ತುಂಬಿಹೋಗುತ್ತದೆ. 60 ಜಿಬಿ ಬಿಡಿ.

## ಹಂತ 1: ವಿಂಡೋಸ್ ಒಳಗೆ ಮುಗಿಸಬೇಕಾದ ಕೆಲಸಗಳು

1. ಬ್ಯಾಕಪ್. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೋಗಳು. ನಕಲು ಮಾಡಿದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ನಾಲ್ಕಾರು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ.

2. ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ, ತೆಗೆಯುವುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಹೋಮ್ ಆವೃತ್ತಿಯಾದರೂ, ಡಿಸ್ಕ್ ಗೂಢಲಿಪೀಕರಣ ತಾನಾಗಿಯೇ ಚಾಲೂ ಆಗಿರುವುದುಂಟು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಷನ್‌ಗೆ ಹೋಗಿ ನೋಡಿ. ಚಾಲೂ ಇದ್ದರೆ ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ 48 ಅಂಕಿಯ ರಿಕವರಿ ಕೀ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆಮೇಲೆ ಎನ್‌ಕ್ರಿಪ್ಷನ್ ಆಫ್ ಮಾಡಿ. ಗುಂಡಿ ಒತ್ತಿದ ಕೂಡಲೇ ಕೆಲಸ ಮುಗಿಯುವುದಿಲ್ಲ. ಹಿನ್ನೆಲೆಯಲ್ಲಿ ಡಿಸ್ಕ್ ಪೂರ್ತಿ ಬಿಚ್ಚಿಕೊಳ್ಳಲು ಗಂಟೆಗಟ್ಟಲೆ ಹಿಡಿಯಬಹುದು, ಅಲ್ಲಿಯವರೆಗೆ ಕಾಯಬೇಕು. ಈ ಹೆಜ್ಜೆ ಬಿಟ್ಟವರಿಗೆ ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ, ಯಂತ್ರದ್ದೇ ಸೆಟ್ಟಿಂಗ್ಸ್) ಏನನ್ನಾದರೂ ಬದಲಿಸಿದ ಮೇಲೆ ವಿಂಡೋಸ್ ನೀಲಿ ಪರದೆ ತೋರಿಸಿ ಆ 48 ಅಂಕಿಯನ್ನೇ ಕೇಳುತ್ತದೆ. ಕೀ ಎಲ್ಲೂ ಇಲ್ಲದಿದ್ದರೆ ಫೈಲುಗಳ ಆಸೆ ಬಿಟ್ಟಂತೆಯೇ.

3. ಫಾಸ್ಟ್ ಸ್ಟಾರ್ಟಪ್ ಆಫ್. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಚೂಸ್ ವಾಟ್ ದ ಪವರ್ ಬಟನ್ಸ್ ಡೂ. ಅಲ್ಲಿ ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್ ಎಂಬುದರ ಟಿಕ್ ತೆಗೆಯಿರಿ. ಟಿಕ್ ಮಸುಕಾಗಿದ್ದರೆ ಮೇಲಿರುವ ಚೇಂಜ್ ಸೆಟ್ಟಿಂಗ್ಸ್ ಕೊಂಡಿ ಒತ್ತಿ. ಇದು ಚಾಲೂ ಇದ್ದಾಗ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ತನ್ನ ತಿರುಳನ್ನು ಡಿಸ್ಕ್‌ಗೆ ಬರೆದು ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್‌ನಿಂದ ಸಿ ಡ್ರೈವ್ ತೆರೆದರೆ ಓದಲು ಮಾತ್ರ ಸಿಗುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. 'ಮಿಂಟ್‌ನಲ್ಲಿ ಡಿ ಡ್ರೈವ್‌ಗೆ ಫೈಲ್ ಹಾಕಲಾಗುತ್ತಿಲ್ಲ' ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ.

4. ಜಾಗ ಬಿಡಿಸುವುದು. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಅಥವಾ ಡಿ, ಯಾವುದರಲ್ಲಿ ಜಾಗ ಹೆಚ್ಚಿದೆಯೋ ಅದರ ಮೇಲೆ ಬಲ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಆರಿಸಿ, 61440 ಎಂದು ಕೊಡಿ. ಅದು 60 ಜಿಬಿ. ಬಿಡುಗಡೆಯಾದ ಜಾಗ ಕಪ್ಪು ಪಟ್ಟಿಯಡಿ ಅನ್‌ಅಲೊಕೇಟೆಡ್ ಎಂದು ಕಾಣುತ್ತದೆ. ಅದನ್ನು ಹಾಗೆಯೇ ಬಿಡಿ. ಅಲ್ಲಿ ಹೊಸ ಇ ಡ್ರೈವ್ ಮಾಡಿಬಿಟ್ಟರೆ ಇನ್‌ಸ್ಟಾಲರ್‌ಗೆ ಅದು ಖಾಲಿ ಜಾಗವಾಗಿ ಕಾಣುವುದಿಲ್ಲ.

100 ಜಿಬಿ ಖಾಲಿ ಇದ್ದರೂ ಕೇವಲ 5 ಜಿಬಿ ಮಾತ್ರ ಕುಗ್ಗಿಸಬಹುದು ಎಂದು ವಿಂಡೋಸ್ ಹೇಳಿದರೆ ಗಾಬರಿ ಬೇಡ. ಅಲುಗಾಡಿಸಲಾಗದ ಫೈಲುಗಳು ಡಿಸ್ಕಿನ ಕೊನೆಯಲ್ಲಿ ಕೂತಿರುತ್ತವೆ. ಹೈಬರ್ನೇಷನ್, ಸಿಸ್ಟಂ ರಿಸ್ಟೋರ್, ಪೇಜ್‌ಫೈಲ್ ಈ ಮೂರನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ.

ಅಲ್ಲಿಯೇ ಇನ್ನೊಂದನ್ನು ನೋಡಿಕೊಳ್ಳಿ. ಡಿಸ್ಕ್ 0 ಎಂಬಲ್ಲಿ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ವಾಲ್ಯೂಮ್ಸ್‌ಗೆ ಹೋದರೆ ಪಾರ್ಟಿಷನ್ ಶೈಲಿ, ಅಂದರೆ ಡಿಸ್ಕನ್ನು ಭಾಗ ಮಾಡಿರುವ ರೀತಿ, ಕಾಣುತ್ತದೆ. ಜಿಪಿಟಿ ಇದ್ದರೆ ಮುಂದಿನ ಹಂತಗಳು ಇದ್ದ ಹಾಗೇ ಅನ್ವಯಿಸುತ್ತವೆ. ಎಂಬಿಆರ್ ಎಂದಿದ್ದರೆ ಅದು ಹಳೆಯ ಪದ್ಧತಿ, ನಾಲ್ಕೇ ಪ್ರೈಮರಿ ಪಾರ್ಟಿಷನ್‌ಗೆ ಅವಕಾಶ. ಆಗಲೇ ನಾಲ್ಕು ಇದ್ದರೆ ಕೈಹಾಕುವ ಮುನ್ನ ತಿಳಿದವರೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ.

## ಹಂತ 2: ಪೆನ್‌ಡ್ರೈವ್ ತಯಾರಿ

ಮಿಂಟ್‌ನ ಅಧಿಕೃತ ತಾಣದಿಂದಲೇ ಐಎಸ್‌ಒ ಫೈಲ್ (ಇಡೀ ಮಿಂಟ್ ಅಡಗಿರುವ ಒಂದೇ ಫೈಲ್) ಇಳಿಸಿಕೊಳ್ಳಿ. ಸುಮಾರು 3 ಜಿಬಿ. ಭಾರತದ ಮಿರರ್ (ಅದೇ ಫೈಲುಗಳ ನಕಲು ಇಟ್ಟಿರುವ ಸರ್ವರ್) ಆರಿಸಿದರೆ ಬೇಗ ಇಳಿಯುತ್ತದೆ. ಗೆಳೆಯರ ಬಳಿ ವರ್ಷಗಟ್ಟಲೆಯಿಂದ ಇರುವ ಹಳೆಯ ಐಎಸ್‌ಒ ಬೇಡ, ಕಾರಣ ಮುಂದಿನ ಹಂತದಲ್ಲಿದೆ.

ಅದನ್ನು ಪೆನ್‌ಡ್ರೈವ್‌ಗೆ ಬರೆಯಲು ರೂಫಸ್ ಎಂಬ ಚಿಕ್ಕ ತಂತ್ರಾಂಶ ಸಾಕು. ಅದರಲ್ಲಿ ಐಎಸ್‌ಒ ಆರಿಸಿದ ಮೇಲೆ ಸೆಲೆಕ್ಟ್ ಗುಂಡಿಯ ಬಳಿ ಇರುವ ಟಿಕ್ ಗುರುತು ಒತ್ತಿ. ಶಾ256 ಎಂಬ ಸಾಲಿನಲ್ಲಿ 64 ಅಕ್ಷರಗಳ ಉದ್ದನೆಯ ಸರಣಿ ಬರುತ್ತದೆ. ಮಿಂಟ್ ತಾಣದಲ್ಲಿ ಅದೇ ಐಎಸ್‌ಒ ಹೆಸರಿನ ಮುಂದೆ ಕೊಟ್ಟಿರುವ ಸರಣಿಯ ಜೊತೆ ಹೋಲಿಸಿ. ಒಂದಕ್ಷರ ಬೇರೆಯಾದರೂ ಫೈಲ್ ಸರಿಯಿಲ್ಲ ಎಂದೇ ಅರ್ಥ, ಮತ್ತೆ ಇಳಿಸಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಧ್ಯೆ ಮಧ್ಯೆ ಸಂಪರ್ಕ ಕಡಿದಾಗ ಹೀಗಾಗುತ್ತದೆ. ಪರೀಕ್ಷೆ ಬಿಟ್ಟವರಿಗೆ ಇನ್‌ಸ್ಟಾಲ್ ಅರ್ಧಕ್ಕೆ ಬಂದಾಗ ಅರ್ಥವಾಗದ ದೋಷ ಸಂದೇಶ ಸಿಗುತ್ತದೆ.

ರೂಫಸ್‌ನಲ್ಲಿ ಪಾರ್ಟಿಷನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಸಿಸ್ಟಂ ಯುಇಎಫ್‌ಐ ಇರಲಿ. ಯಾವ ರೀತಿ ಬರೆಯಲಿ ಎಂದು ಕೇಳಿದಾಗ ಐಎಸ್‌ಒ ಇಮೇಜ್ ಮೋಡ್ ಒಪ್ಪಿಕೊಳ್ಳಿ. ಆ ಪೆನ್‌ಡ್ರೈವ್‌ನಿಂದ ಯಂತ್ರ ಎದ್ದೇಳದಿದ್ದರೆ ಮಾತ್ರ ಎರಡನೇ ಸಲ ಡಿಡಿ ಮೋಡ್. ಡಿಡಿಯಲ್ಲಿ ಬರೆದ ಪೆನ್‌ಡ್ರೈವನ್ನು ವಿಂಡೋಸ್‌ಗೆ ಚುಚ್ಚಿದರೆ 'ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಬಹುದು. ಬೇಡ ಎನ್ನಿ.

ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ-ಪೇಸ್ಟ್ ಮಾಡಿಟ್ಟು 'ಬೂಟ್ ಆಗುತ್ತಿಲ್ಲ' ಎನ್ನುವವರು ಇಂದಿಗೂ ಇದ್ದಾರೆ. ಅದು ಆಗುವುದೂ ಇಲ್ಲ.

## ಹಂತ 3: ಹಾಕುವ ಮುನ್ನ ಪರೀಕ್ಷೆ

ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಪೆನ್‌ಡ್ರೈವ್ ಚುಚ್ಚಿ, ಪವರ್ ಒತ್ತಿದ ಕೂಡಲೇ ಬೂಟ್ ಮೆನು (ಯಾವುದರಿಂದ ಏಳಬೇಕೆಂದು ಕೇಳುವ ಪಟ್ಟಿ) ಕೀಲಿಯನ್ನು ಟಪಟಪನೆ ಒತ್ತುತ್ತಿರಿ. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಮೊದಲು ಎಫ್2 ಒತ್ತಿ ಬಯೋಸ್‌ಗೆ ಹೋಗಿ ಎಫ್12 ಬೂಟ್ ಮೆನು ಎಂಬುದನ್ನು ಎನೇಬಲ್ಡ್ ಮಾಡಬೇಕು.

ಸೆಕ್ಯೂರ್ ಬೂಟ್ (ಒಪ್ಪಿಗೆಯ ಸಹಿ ಇರುವ ತಂತ್ರಾಂಶವನ್ನಷ್ಟೇ ಏಳಲು ಬಿಡುವ ಕಾವಲು) ಚಾಲೂ ಇದ್ದರೂ ಮಿಂಟ್ ಏಳುತ್ತದೆ. ಆದರೆ 'ವೆರಿಫೈಯಿಂಗ್ ಶಿಮ್ ಎಸ್‌ಬ್ಯಾಟ್ ಡೇಟಾ ಫೇಲ್ಡ್' ಎಂಬ ಸಾಲು ಬಂದು ಯಂತ್ರ ಆರಿಹೋದರೆ ನಿಮ್ಮ ಐಎಸ್‌ಒ ಹಳೆಯದು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ ಲಿನಕ್ಸ್ ಬೂಟ್ ಫೈಲುಗಳನ್ನು ತಡೆಹಿಡಿಯಿತು. ಹೊಸ ಐಎಸ್‌ಒ ಬರೆದುಕೊಳ್ಳುವುದು ಸರಿಯಾದ ದಾರಿ.

ಮೆನುವಿನಲ್ಲಿ ಮೊದಲ ಸಾಲು ಆರಿಸಿದ ಮೇಲೆ ಪರದೆ ಕಪ್ಪಗೇ ಉಳಿದರೆ, ಎನ್‌ವಿಡಿಯಾ ಗ್ರಾಫಿಕ್ಸ್ ಇರುವಲ್ಲಿ ಇದು ಮಾಮೂಲು, ಮತ್ತೆ ಆರಂಭಿಸಿ ಕಂಪ್ಯಾಟಿಬಿಲಿಟಿ ಮೋಡ್ ಎಂಬ ಸಾಲು ಆರಿಸಿ.

ಈಗ ಕಾಣುವುದು ಪೆನ್‌ಡ್ರೈವ್‌ನಿಂದಲೇ ಓಡುತ್ತಿರುವ ಮಿಂಟ್. ಡಿಸ್ಕ್‌ಗೆ ಇನ್ನೂ ಏನೂ ಆಗಿಲ್ಲ. ಇಲ್ಲಿ ಹತ್ತು ನಿಮಿಷ ಕಳೆಯಿರಿ: ವೈಫೈ, ಶಬ್ದ, ಟಚ್‌ಪ್ಯಾಡ್, ಬೆಳಕು ಹೆಚ್ಚು-ಕಡಿಮೆ ಮಾಡುವ ಕೀಲಿಗಳು, ಕ್ಯಾಮೆರಾ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ. ಇದಕ್ಕೆ ಪ್ರತ್ಯೇಕ ಡ್ರೈವರ್ ಬೇಕಿಲ್ಲ. ಫೋನ್ ವೈಫೈಗೆ ಜೋಡಿಸಿದ್ದರೆ ಮೊಬೈಲ್ ಡೇಟಾ ಕೂಡ ಖರ್ಚಾಗದು.

ಮೆನುವಿನಲ್ಲಿ ಡಿಸ್ಕ್ಸ್ ಎಂಬುದನ್ನೂ ತೆರೆದು ನೋಡಿ. ಒಳಗಿನ ಎಸ್‌ಎಸ್‌ಡಿ ಕಾಣದೆ ಪೆನ್‌ಡ್ರೈವ್ ಮಾತ್ರ ಕಂಡರೆ ಬಯೋಸ್‌ನಲ್ಲಿ ಡಿಸ್ಕ್ ನಿಯಂತ್ರಕ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಸ್ಥಿತಿಯಲ್ಲಿರುವ ಸಾಧ್ಯತೆ ಹೆಚ್ಚು. ಅದನ್ನು ಎಎಚ್‌ಸಿಐಗೆ ಬದಲಿಸಬೇಕು. ನೇರವಾಗಿ ಬದಲಿಸಿದರೆ ಮಾತ್ರ ವಿಂಡೋಸ್ ಏಳುವುದಿಲ್ಲ. ಕ್ರಮ ಹೀಗಿದೆ:

1. ವಿಂಡೋಸ್‌ನ ಸಿಸ್ಟಂ ಕಾನ್ಫಿಗರೇಷನ್‌ನಲ್ಲಿ, ಬೂಟ್ ಎಂಬಲ್ಲಿ, ಸೇಫ್ ಬೂಟ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಕೊಡಿ. ಲಾಗಿನ್‌ಗೆ ಪಿನ್ ಒಪ್ಪದಿದ್ದರೆ ಖಾತೆಯ ಪಾಸ್‌ವರ್ಡ್ ಬೇಕಾಗುತ್ತದೆ, ಅದು ಗೊತ್ತಿರಲಿ.
2. ಏಳುವ ಮೊದಲೇ ಬಯೋಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ ಉಳಿಸಿ.
3. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದು ತನ್ನ ಡ್ರೈವರ್ ಸರಿಪಡಿಸಿಕೊಳ್ಳುತ್ತದೆ.
4. ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್.

## ಹಂತ 4: ಇನ್‌ಸ್ಟಾಲ್

ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಲಿನಕ್ಸ್ ಮಿಂಟ್ ಚಿಹ್ನೆ ತೆರೆಯಿರಿ.

ಭಾಷೆ ಮತ್ತು ಕೀಲಿಮಣೆ. ಭಾಷೆ ನಿಮ್ಮಿಷ್ಟ. ಆದರೆ ಕೀಲಿಮಣೆ ವಿನ್ಯಾಸ ಮಾತ್ರ ಇಂಗ್ಲಿಷ್ ಯುಎಸ್ ಆಗಿಯೇ ಇರಲಿ. ಕನ್ನಡಾಭಿಮಾನದಿಂದ ಇಲ್ಲಿ ಕನ್ನಡ ಕೀಲಿಮಣೆ ಆರಿಸಿದವರು ಮುಂದೊಂದು ಪುಟದಲ್ಲಿ ಬಳಕೆದಾರ ಹೆಸರನ್ನು ಟೈಪಿಸಲಾಗದೆ ಸಿಕ್ಕಿಹಾಕಿಕೊಳ್ಳುತ್ತಾರೆ, ಅಲ್ಲಿ ಇಂಗ್ಲಿಷ್ ಸಣ್ಣಕ್ಷರಗಳೇ ಬೇಕು. ಕನ್ನಡ ಟೈಪಿಂಗನ್ನು 7ನೇ ಹಂತದಲ್ಲಿ ಸೇರಿಸೋಣ.

ಮಲ್ಟಿಮೀಡಿಯಾ ಕೋಡೆಕ್ಸ್. ಹಾಡು, ವಿಡಿಯೋ ಓಡಲು ಬೇಕಾದದ್ದು, ಟಿಕ್ ಹಾಕಿ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಒಂದು ಪಾಸ್‌ವರ್ಡ್ ಇಡಲು ಕೇಳಬಹುದು. ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಮುಂದಿನ ರೀಸ್ಟಾರ್ಟ್‌ನಲ್ಲಿ ಒಮ್ಮೆ ಬೇಕಾಗುವುದು. ಕಾಗದದ ಮೇಲೆ ಬರೆದಿಡಿ.

ಎಲ್ಲಿ ಹಾಕಬೇಕು? ಇಡೀ ಕೆಲಸದಲ್ಲಿ ಉಸಿರು ಬಿಗಿಹಿಡಿದು ಓದಬೇಕಾದ ಪುಟ ಇದೊಂದೇ. ಇರೇಸ್ ಡಿಸ್ಕ್ ಎಂಬುದು ವಿಂಡೋಸ್, ಡಿ ಡ್ರೈವ್, ರಿಕವರಿ ಎಲ್ಲವನ್ನೂ ಗುಡಿಸಿಹಾಕುತ್ತದೆ. ವಿಂಡೋಸ್ ಜೊತೆಗೇ ಹಾಕು ಎಂಬ ಆಯ್ಕೆ ಸುಲಭವಾಗಿ ಕಂಡರೂ ಯಾವ ಜಾಗವನ್ನು ಎಷ್ಟು ಹಂಚುತ್ತದೆ ಎಂಬುದನ್ನು ತಾನೇ ಊಹಿಸುತ್ತದೆ. ಜಾಗವನ್ನು ಮೊದಲೇ ಬಿಡಿಸಿಟ್ಟಿರುವುದರಿಂದ ನಾವು ಹೇಳುವುದು ಮೂರನೆಯದು: ಸಮ್‌ಥಿಂಗ್ ಎಲ್ಸ್. ಹೆಸರು ಹೆದರಿಸುವಂತಿದ್ದರೂ ಮಾಡಬೇಕಾದ್ದು ಇಷ್ಟೇ.

1. ಪಟ್ಟಿಯಲ್ಲಿ ಫ್ರೀ ಸ್ಪೇಸ್ ಎಂಬ ಸಾಲು ಹುಡುಕಿ. ನೀವು ಕೊಟ್ಟ 61440 ಇಲ್ಲಿ 64424ರ ಆಸುಪಾಸು ಕಾಣುತ್ತದೆ. ವಿಂಡೋಸ್ ಎಂಬಿಯನ್ನು 1024ರ ಲೆಕ್ಕದಲ್ಲಿ, ಇನ್‌ಸ್ಟಾಲರ್ 1000ದ ಲೆಕ್ಕದಲ್ಲಿ ಎಣಿಸುವುದೇ ಕಾರಣ. ಒಂದೆರಡು ಎಂಬಿಯ ಪುಡಿ ಫ್ರೀ ಸ್ಪೇಸ್‌ಗಳು ಕಂಡರೆ ಬಿಟ್ಟುಬಿಡಿ.
2. ಆ ಸಾಲು ಆರಿಸಿ ಕೂಡಿಸು ಚಿಹ್ನೆ ಒತ್ತಿ. ಗಾತ್ರ ಇದ್ದಷ್ಟೂ ಇರಲಿ, ಯೂಸ್ ಆ್ಯಸ್ ಎಂಬಲ್ಲಿ ಎಕ್ಸ್ಟ್4 (ext4, ಲಿನಕ್ಸ್‌ನ ಫೈಲ್ ಪದ್ಧತಿ), ಮೌಂಟ್ ಪಾಯಿಂಟ್‌ನಲ್ಲಿ ಒಂದು ಓರೆಗೆರೆ ( / ).
3. ಇಎಫ್‌ಐ ಎಂದಿರುವ ಸಾಲಿನಲ್ಲಿ, ಸಾಮಾನ್ಯವಾಗಿ 100 ಅಥವಾ 260 ಎಂಬಿ, ಫಾರ್ಮ್ಯಾಟ್ ಚೌಕ ಖಾಲಿ ಇದೆಯೇ ನೋಡಿ. ವಿಂಡೋಸ್ ಏಳುವುದೂ ಅದರಿಂದಲೇ.
4. ಕೆಳಗಿನ ಬೂಟ್ ಲೋಡರ್ ಡಿವೈಸ್‌ನಲ್ಲಿ (ವ್ಯವಸ್ಥೆಯನ್ನು ಎಬ್ಬಿಸುವ ತಂತ್ರಾಂಶ ಕೂರುವ ಜಾಗ) ಒಳಗಿನ ಡಿಸ್ಕ್ ಇರಬೇಕು. ಎನ್‌ವಿಎಂಇ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಡಿಎ ಎಂಬುದು ನಿಮ್ಮ ಪೆನ್‌ಡ್ರೈವೇ ಆಗಿರಬಹುದು. ಹೆಸರು ನೋಡಿ ನಂಬಬೇಡಿ, ಗಾತ್ರ ನೋಡಿ.

ಸ್ವ್ಯಾಪ್ (ರ್‍ಯಾಮ್ ತುಂಬಿದಾಗ ಬಳಸುವ ಜಾಗ) ಪಾರ್ಟಿಷನ್ ಬೇಡ, ಮಿಂಟ್ ಸ್ವ್ಯಾಪ್ ಫೈಲನ್ನು ತಾನೇ ಮಾಡಿಕೊಳ್ಳುತ್ತದೆ. ಹೋಮ್‌ಗೆ (ನಿಮ್ಮ ಫೈಲುಗಳಿರುವ ಫೋಲ್ಡರ್) ಬೇರೆ ಪಾರ್ಟಿಷನ್ ಮಾಡಿ ಎಂದು ಹಲವರು ಹೇಳುತ್ತಾರೆ. 60 ಜಿಬಿಯಲ್ಲಿ ಅದರಿಂದ ಉಪಯೋಗಕ್ಕಿಂತ ಇಕ್ಕಟ್ಟೇ ಹೆಚ್ಚು.

ಇನ್‌ಸ್ಟಾಲ್ ನೌ ಒತ್ತಿದಾಗ ಯಾವುದನ್ನು ಫಾರ್ಮ್ಯಾಟ್ ಮಾಡಲಿದ್ದೇನೆ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಎಕ್ಸ್ಟ್4 ಒಂದೇ ಇರಬೇಕು. ಎನ್‌ಟಿಎಫ್‌ಎಸ್ (ವಿಂಡೋಸ್ ಡ್ರೈವ್‌ಗಳ ಫೈಲ್ ಪದ್ಧತಿ) ಎಂಬ ಹೆಸರು ಎಲ್ಲಾದರೂ ಕಂಡರೆ ಗೋ ಬ್ಯಾಕ್ ಒತ್ತಿ. ಇದರಾಚೆಗೆ ಹಿಂದೆ ಬರುವ ದಾರಿ ಇಲ್ಲ.

ಸಮಯವಲಯ ಕೋಲ್ಕತ್ತಾ. ಹೆಸರು, ಪಾಸ್‌ವರ್ಡ್ ಕೊಟ್ಟು ಕಾಯಿರಿ.

## ಹಂತ 5: ಮೊದಲ ರೀಸ್ಟಾರ್ಟ್

ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ.

ಹಿಂದೆ ಸೆಕ್ಯೂರ್ ಬೂಟ್ ಪಾಸ್‌ವರ್ಡ್ ಇಟ್ಟಿದ್ದರೆ ಎಂಒಕೆ ಎಂಬ ನೀಲಿ ಪರದೆ ಕೆಲವೇ ಸೆಕೆಂಡು ಕಾಣುತ್ತದೆ. ಕೂಡಲೇ ಒಂದು ಕೀಲಿ ಒತ್ತಿ, ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್ ಎಂದು ಹೋಗಿ ಆ ಪಾಸ್‌ವರ್ಡ್ ಕೊಡಿ. ಏನೋ ದೋಷವಿರಬೇಕೆಂದು ಇದನ್ನು ದಾಟಿಹೋದವರಿಗೆ ಆಮೇಲೆ ಎನ್‌ವಿಡಿಯಾ ಅಥವಾ ಕೆಲವು ವೈಫೈ ಡ್ರೈವರ್‌ಗಳು ಹಾಕಿದರೂ ಓಡುವುದಿಲ್ಲ.

ಮಿಂಟ್ ಬೇಕೋ ವಿಂಡೋಸ್ ಬೇಕೋ ಎಂದು ಕೇಳುವ ಮೆನು ಬರದೆ ನೇರ ವಿಂಡೋಸ್ ಎದ್ದರೆ ಮಿಂಟ್ ಹಾಳಾಗಿಲ್ಲ. ಬಯೋಸ್‌ನ ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್‌ಗಿಂತ ಮೇಲೆ ಉಬುಂಟು ಎಂಬುದನ್ನು ತನ್ನಿ. ಹೌದು, ಮಿಂಟ್‌ಗೆ ಬುನಾದಿಯಾದ ಉಬುಂಟು. ಮಿಂಟ್ ಅದರ ಬೂಟ್ ಲೋಡರನ್ನೇ ಬಳಸುವುದರಿಂದ ಅಲ್ಲಿ ಮಿಂಟ್ ಎಂಬ ಹೆಸರೇ ಇರುವುದಿಲ್ಲ. ಹುಡುಕಿ ಸಿಗಲಿಲ್ಲವೆಂದು ಎರಡು ಮೂರು ಸಲ ಇನ್‌ಸ್ಟಾಲ್ ಮಾಡುವವರು ಇಲ್ಲಿಯೇ ಸಿಕ್ಕಿಬೀಳುವುದು.

ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಬ್ಯಾಟರಿ ಸತ್ತಿಲ್ಲ. ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿ ಎಂಬ ಅಂತರರಾಷ್ಟ್ರೀಯ ಮೂಲ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಮಿಂಟ್‌ನ ಟರ್ಮಿನಲ್‌ನಲ್ಲಿ timedatectl set-local-rtc 1 ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಕೊಟ್ಟು, ಆಮೇಲೆ ವಿಂಡೋಸ್‌ನಲ್ಲಿ ಒಮ್ಮೆ ಸಮಯ ಸಿಂಕ್ ಮಾಡಿದರೆ ಎರಡೂ ಒಂದೇ ಹೊತ್ತು ತೋರಿಸುತ್ತವೆ.

## ಹಂತ 6: ಮೊದಲ ದಿನದ ಹೊಂದಾಣಿಕೆ

ವೆಲ್‌ಕಮ್ ಕಿಟಕಿಯಲ್ಲಿ ಎಲ್ಲವೂ ಇದೆ. ಮುಖ್ಯವಾದದ್ದು ಕ್ರಮ.

1. ಟೈಮ್‌ಶಿಫ್ಟ್. ಆರ್‌ಸಿಂಕ್ ವಿಧಾನ ಆರಿಸಿ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ದಿನಕ್ಕೊಂದರಂತೆ ಎರಡು ಉಳಿಸಿದರೆ ಸಾಕು, ಹತ್ತು ಉಳಿಸಿದರೆ ಜಾಗ ತುಂಬುತ್ತದೆ. ಇದು ವ್ಯವಸ್ಥೆಯ ಫೈಲುಗಳಿಗೆ ಮಾತ್ರ. ನಿಮ್ಮ ಫೋಟೋ, ಪತ್ರಗಳನ್ನು ಅದು ಮುಟ್ಟುವುದಿಲ್ಲ.
2. ಮಿರರ್. ಸಾಫ್ಟ್‌ವೇರ್ ಸೋರ್ಸಸ್‌ನಲ್ಲಿ ವೇಗದ ಮಿರರ್ ಆರಿಸಿ.
3. ಅಪ್‌ಡೇಟ್. ಎಲ್ಲ ಹಾಕಿ ರೀಸ್ಟಾರ್ಟ್ ಮಾಡಿ.
4. ಡ್ರೈವರ್ ಮ್ಯಾನೇಜರ್. ಅಪ್‌ಡೇಟ್ ಆದ ನಂತರವೇ ತೆರೆಯಿರಿ. ಎನ್‌ವಿಡಿಯಾ ಇದ್ದರೆ ರೆಕಮೆಂಡೆಡ್ ಎಂದು ಗುರುತಿಸಿದ್ದನ್ನೇ ಆರಿಸಿ. ತಯಾರಕರ ತಾಣದಿಂದ ಡ್ರೈವರ್ ಇಳಿಸಿ ಹಾಕುವ ವಿಂಡೋಸ್ ಅಭ್ಯಾಸ ಇಲ್ಲಿ ಬೇಡ. ಕರ್ನಲ್ (ಲಿನಕ್ಸ್‌ನ ತಿರುಳು) ಬದಲಾದಾಗ ಪರದೆ ಕಪ್ಪಾಗಬಹುದು.

ಪ್ರಿಂಟರ್ ವಿಚಾರ. ಹೊಸ ವೈಫೈ ಪ್ರಿಂಟರ್‌ಗಳು ಬಹುತೇಕ ತಂತಾನೆ ಸಿಗುತ್ತವೆ, ಎಚ್‌ಪಿಯವು ಇನ್ನೂ ಸುಲಭ. ನಮ್ಮ ಕಡೆಯ ಝೆರಾಕ್ಸ್ ಅಂಗಡಿ, ಕಚೇರಿಗಳಲ್ಲಿ ತುಂಬಿರುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಹಾಗಲ್ಲ. ಅದಕ್ಕೆ ಕ್ಯಾಪ್ಟ್ ಎಂಬ ಪ್ರತ್ಯೇಕ ಡ್ರೈವರ್ ಬೇಕು, ಕೂರಿಸುವುದು ಹೊಸಬರ ಕೆಲಸವಲ್ಲ. ಅದೊಂದೇ ಪ್ರಿಂಟರ್ ಇದ್ದರೆ ಮುದ್ರಣವನ್ನು ವಿಂಡೋಸ್‌ನಲ್ಲೇ ಮಾಡಿ. ಟ್ಯಾಲಿ ಬಳಸುವವರೂ ವಿಂಡೋಸ್ ಭಾಗವನ್ನು ಉಳಿಸಿಕೊಳ್ಳುವುದೇ ಜಾಣತನ.

## ಹಂತ 7: ಕನ್ನಡ ಟೈಪಿಂಗ್

ಕನ್ನಡ ಓದಲು ಏನೂ ಹಾಕಬೇಕಿಲ್ಲ. ಬರೆಯಲು ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರ್ ತೆರೆದು ಐಬಸ್ (ibus) ಮತ್ತು ಐಬಸ್-ಎಂ17ಎನ್ (ibus-m17n) ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿ. ಜೊತೆಗೆ ಗುಬ್ಬಿ, ನವಿಲು ಅಕ್ಷರಶೈಲಿಗಳೂ ಇರಲಿ.

1. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ಹುಡುಕಿ, ಐಬಸ್ ಆರಿಸಿ.
2. ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ಈ ಹೆಜ್ಜೆ ಬಿಟ್ಟರೆ ಮುಂದಿನದು ಕೆಲಸ ಮಾಡದು.
3. ಐಬಸ್ ಪ್ರಿಫರೆನ್ಸಸ್‌ನಲ್ಲಿ ಇನ್‌ಪುಟ್ ಮೆಥಡ್, ಆ್ಯಡ್, ಕನ್ನಡ. ಪಟ್ಟಿಯಲ್ಲಿ ಕನ್ನಡ ಕಾಣದಿದ್ದರೆ ಕೊನೆಯ ಮೂರು ಚುಕ್ಕಿ ಒತ್ತಿ.
4. ನುಡಿ ಅಭ್ಯಾಸವಿದ್ದರೆ ಕೆಜಿಪಿ, ಅದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ಇಂಗ್ಲಿಷ್ ಉಚ್ಚಾರದಂತೆ ಟೈಪಿಸುವವರಿಗೆ ಐಟ್ರಾನ್ಸ್.
5. ಇಂಗ್ಲಿಷ್ ವಿನ್ಯಾಸವನ್ನು ಪಟ್ಟಿಯಿಂದ ತೆಗೆಯಬೇಡಿ. ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ.

ಲಿಬ್ರೆಆಫೀಸ್‌ನಲ್ಲಿ ಇನ್ನೊಂದು ಗಂಟು. ಶೈಲಿಯಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಹಾಗೆಯೇ ಉಳಿಯುತ್ತದೆ ಎನ್ನುವವರು ಟೂಲ್ಸ್, ಆಪ್ಷನ್ಸ್‌ನ ಭಾಷಾ ವಿಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ ಕನ್ನಡ ಆರಿಸಿ. ಕನ್ನಡಕ್ಕೆ ಬೇರೆಯದೇ ಫಾಂಟ್ ಮತ್ತು ಗಾತ್ರದ ಜಾಗ ಇರುತ್ತದೆ, ಇದಾದ ಮೇಲೆ ಅದು ಕಾಣತೊಡಗುತ್ತದೆ.

ಹಳೆಯ ನುಡಿ, ಬರಹ ಫೈಲುಗಳು ಇಂಗ್ಲಿಷ್ ಅಕ್ಷರಗಳ ಚಿತ್ತಾರವಾಗಿ ಕಂಡರೆ ಅವು ಯುನಿಕೋಡ್ ಅಲ್ಲ. ಆ ಫಾಂಟನ್ನೇ ವಿಂಡೋಸ್‌ನಿಂದ ತಂದು ಎರಡು ಬಾರಿ ಕ್ಲಿಕ್ಕಿಸಿ ಇನ್‌ಸ್ಟಾಲ್ ಮಾಡಿದರೆ ಓದಲು ಸಿಗುತ್ತದೆ. ತಿದ್ದಬೇಕಾದರೆ ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ.

## ಬೇಡವೆನಿಸಿದರೆ ತೆಗೆಯುವ ಕ್ರಮ

ವಿಂಡೋಸ್‌ಗೆ ಹೋಗಿ ಮಿಂಟ್‌ನ ಪಾರ್ಟಿಷನ್ ಅಳಿಸುವುದನ್ನೇ ಮೊದಲ ಹೆಜ್ಜೆಯಾಗಿ ಮಾಡಿದರೆ ಮುಂದಿನ ಸಲ ಯಂತ್ರ ಗ್ರಬ್ ಎಂಬ ಬೂಟ್ ಲೋಡರಿನ ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. ಮೊದಲು ಬಯೋಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತನ್ನಿ. ಎರಡು ಸಲ ರೀಸ್ಟಾರ್ಟ್ ಮಾಡಿ ವಿಂಡೋಸ್ ನೇರ ಏಳುತ್ತಿದೆಯೇ ನೋಡಿ. ಆನಂತರ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 60 ಜಿಬಿಯ ಆ ಒಂದು ಪಾರ್ಟಿಷನ್ ಮಾತ್ರ ಅಳಿಸಿ, ಅದರ ಎಡಕ್ಕಿರುವ ಡ್ರೈವ್‌ಗೆ ಎಕ್ಸ್‌ಟೆಂಡ್ ವಾಲ್ಯೂಮ್ ಕೊಟ್ಟು ಜಾಗ ಸೇರಿಸಿಕೊಳ್ಳಿ. ಆಗಲೇ ಪಾರ್ಟಿಷನ್ ಅಳಿಸಿ ಕಪ್ಪು ಪರದೆಗೆ ಬಿದ್ದಿದ್ದರೂ ಬೂಟ್ ಮೆನು ಕೀಲಿ ಒತ್ತಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ಒಳಗೆ ಹೋಗಬಹುದು.